ಕತ್ತೆ ಲದ್ದಿಯ ಲೆಕ್ಕ: ಗೊಬ್ಬರ ಎಷ್ಟು, ಗದ್ದಲ ಎಷ್ಟು?

ಯೂಟ್ಯೂಬಿನಲ್ಲಿ ‘ಕತ್ತೆ ಸಾಕಣೆ’ ಅಂತ ಒಮ್ಮೆ ಹುಡುಕಿ ನೋಡಿ. ಮೊದಲು ಹಾಲಿನ ಮಾತು ಬರುತ್ತದೆ. ಲೀಟರಿಗೆ ಸಾವಿರಾರು ರೂಪಾಯಿ, ಸೋಪು, ಕ್ರೀಮು, ರಫ್ತು. ಅದೆಲ್ಲ ಮುಗಿದ ಮೇಲೆ ಲದ್ದಿಯ ಸರದಿ. ಲದ್ದಿಗೂ ಭಾರಿ ಡಿಮ್ಯಾಂಡಿದೆ, ಸಗಣಿ ಗೊಬ್ಬರಕ್ಕಿಂತ ಎಷ್ಟೋ ಪಟ್ಟು ಮೇಲು ಎಂಬ ಧಾಟಿಯ ಮಾತು. ಕೆಳಗೆ ಕಾಮೆಂಟಿನಲ್ಲಿ ‘ಎಲ್ಲಿ ಸಿಗುತ್ತೆ, ಕೆಜಿಗೆ ಎಷ್ಟು’ ಎಂದು ಕೇಳುವವರ ಸಾಲು.

ಈ ಆಸಕ್ತಿಗೆ ಕಾರಣಗಳಿವೆ. 2022ರ ಜೂನ್‌ನಲ್ಲಿ ಬಂಟ್ವಾಳ ತಾಲ್ಲೂಕಿನ ಇರಾ ಗ್ರಾಮದಲ್ಲಿ 20 ಕತ್ತೆಗಳ ಒಂದು ಫಾರ್ಮ್ ಶುರುವಾದಾಗ ಅದು ದೇಶದ ತುಂಬ ಸುದ್ದಿಯಾಯಿತು. 2024ರ ಫೆಬ್ರುವರಿಯಲ್ಲಿ ಕೇಂದ್ರ ಸಚಿವ ಸಂಪುಟ ರಾಷ್ಟ್ರೀಯ ಜಾನುವಾರು ಮಿಷನ್ನಿಗೆ ತಿದ್ದುಪಡಿ ತಂದು, ಕುದುರೆ, ಕತ್ತೆ, ಹೇಸರಗತ್ತೆ, ಒಂಟೆ ಸಾಕುವ ಉದ್ಯಮಕ್ಕೂ ಬಂಡವಾಳದ ಶೇ 50ರಷ್ಟು, ಗರಿಷ್ಠ 50 ಲಕ್ಷ ರೂಪಾಯಿವರೆಗೆ ಸಹಾಯಧನ ಕೊಡಲು ಒಪ್ಪಿತು. ಇನ್ನು 2025ರ ಮುಂಗಾರಿನಲ್ಲಿ ಯೂರಿಯಾಕ್ಕಾಗಿ ರೈತರು ಸೊಸೈಟಿ ಮುಂದೆ ಗಂಟೆಗಟ್ಟಲೆ ಸಾಲು ನಿಂತಿದ್ದು ಎಲ್ಲರಿಗೂ ನೆನಪಿದೆ. ಚೀಲದ ಗೊಬ್ಬರ ಸಿಗದಿದ್ದಾಗ ಜನ ಬೇರೆ ದಾರಿ ನೋಡುವುದು ಸಹಜ ಅಲ್ವಾ?

ಹಾಗಾದರೆ ಕತ್ತೆ ಲದ್ದಿ ಒಳ್ಳೆಯ ಗೊಬ್ಬರವೇ? ಚೆನ್ನಾಗಿ ಕಳಿತರೆ ಹೌದು, ಒಳ್ಳೆಯ ಗೊಬ್ಬರ. ಪವಾಡವೇನೂ ಇಲ್ಲ. ಆದರೆ ಅದು ಯಾವ ಊರಿನ ಹೊಲಕ್ಕೆ ಬೀಳುತ್ತದೆ, ಯಾವ ಊರಿನಲ್ಲಿ ರಸ್ತೆ ಪಾಲಾಗುತ್ತದೆ ಎಂಬುದನ್ನು ಲದ್ದಿಯ ಗುಣ ತೀರ್ಮಾನಿಸುವುದಿಲ್ಲ. ಆ ಊರಿನಲ್ಲಿ ಕತ್ತೆಗೆ ಏನು ಕೆಲಸವಿದೆ, ರಾತ್ರಿ ಅದು ಎಲ್ಲಿ ನಿಲ್ಲುತ್ತದೆ ಎಂಬುದೇ ತೀರ್ಮಾನಿಸುತ್ತದೆ. ಈಜಿಪ್ಟಿನಿಂದ ಲಡಾಖ್‌ವರೆಗೆ, ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊದಿಂದ ಬೆಳಗಾವಿವರೆಗೆ ನೋಡಿದರೆ ಕಾಣುವುದು ಇದೇ.

ಲದ್ದಿಯೊಳಗೆ ಏನಿದೆ

ಹಸು, ಎಮ್ಮೆ, ಕುರಿ, ಮೇಕೆ ಮೆಲುಕು ಹಾಕುತ್ತವೆ. ಕತ್ತೆ, ಕುದುರೆ ಹಾಕುವುದಿಲ್ಲ. ಹಸುವಿನ ಹೊಟ್ಟೆಯ ಮೊದಲ ಕೋಣೆಯಲ್ಲೇ ಹುಲ್ಲಿನ ನಾರು ಹುದುಗಿ, ಮತ್ತೆ ಬಾಯಿಗೆ ಬಂದು, ನುಣ್ಣಗೆ ಅರೆದು ಒಳಗೆ ಹೋಗುತ್ತದೆ. ಕತ್ತೆಯಲ್ಲಿ ಈ ಹುದುಗುವಿಕೆ ನಡೆಯುವುದು ಕೊನೆಗೆ, ದೊಡ್ಡ ಕರುಳಿನ ಹತ್ತಿರ. ಮತ್ತೊಮ್ಮೆ ಅರೆಯುವ ಅವಕಾಶವಿಲ್ಲ. ಹಾಗಾಗಿ ಅರ್ಧಂಬರ್ಧ ಜೀರ್ಣವಾದ ನಾರು ಹಾಗೇ ಹೊರಗೆ ಬರುತ್ತದೆ.

ಒಂದು ಲದ್ದಿ ಉಂಡೆಯನ್ನು ಕೋಲಿನಿಂದ ಒಡೆದು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಮೇಲೆ ನಯವಾದ ಪದರ. ಒಳಗೆ ಕತ್ತರಿಸಿದ ಒಣಹುಲ್ಲಿನಂಥ ಎಳೆಗಳು, ಮಾಸಲು ಹಸಿರು ಬಣ್ಣ, ಅಲ್ಲೊಂದು ಇಲ್ಲೊಂದು ಇಡೀ ಬೀಜ. ಸಗಣಿಯ ಹಾಗೆ ಹರಡಿಕೊಳ್ಳುವುದಿಲ್ಲ, ಉಂಡೆಯಾಗಿಯೇ ನಿಲ್ಲುತ್ತದೆ. ನೀರಿನಂಶ ಕಡಿಮೆ. ಎರಡು ಬಿಸಿಲು ಕಂಡರೆ ಹಗುರಾಗಿ ಪುಡಿಯಾಗುತ್ತದೆ. ನಾತವೂ ಅಷ್ಟೇನಿಲ್ಲ.

ಇದರಿಂದ ಎರಡು ಅನುಕೂಲ, ಒಂದು ದೊಡ್ಡ ತೊಂದರೆ. ಎಳೆಗಳ ನಡುವೆ ಗಾಳಿ ಆಡುವುದರಿಂದ ರಾಶಿ ಹಾಕಿದ ಕೂಡಲೇ ಕಾವು ಏರುತ್ತದೆ, ಬೇಗ ಕಳಿಯುತ್ತದೆ. ಯುರೋಪಿನ ತರಕಾರಿ ತೋಟದವರು ಚಳಿಗಾಲದಲ್ಲಿ ಸಸಿ ಬೆಳೆಸಲು ಮಡಿಯ ಕೆಳಗೆ ಕುದುರೆ ಲದ್ದಿ ತುಂಬುತ್ತಿದ್ದದ್ದು ಈ ಕಾವಿಗಾಗಿಯೇ. ಬಟನ್ ಅಣಬೆಯ ಕಾಂಪೋಸ್ಟಿಗೂ ಹಿಂದಿನಿಂದ ಕುದುರೆ ಲದ್ದಿ, ಗೋಧಿ ಹುಲ್ಲು ಬಳಸುತ್ತ ಬಂದಿದ್ದಾರೆ. ಎರಡನೆಯದು, ನಾರು ಜಾಸ್ತಿ ಇರುವುದರಿಂದ ಗಟ್ಟಿ ಮಣ್ಣನ್ನು ಸಡಿಲ ಮಾಡುತ್ತದೆ. ತೊಂದರೆ ಏನೆಂದರೆ ಆ ಇಡೀ ಬೀಜಗಳು. ಹಸಿ ಲದ್ದಿಯನ್ನು ನೇರವಾಗಿ ಹೊಲಕ್ಕೆ ಹಾಕಿದರೆ ಕತ್ತೆ ತಿಂದ ಕಳೆಯೆಲ್ಲ ಮೊದಲ ಮಳೆಗೆ ನಿಮ್ಮ ಹೊಲದಲ್ಲಿ ಎದ್ದು ನಿಲ್ಲುತ್ತದೆ.

ಪೋಷಕಾಂಶದ ವಿಷಯಕ್ಕೆ ಬಂದರೆ, ನಮ್ಮ ಸಾಮಾನ್ಯ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇ 0.5ರ ಆಸುಪಾಸು ಎಂದು ಕೃಷಿ ಕೈಪಿಡಿಗಳು ಹೇಳುತ್ತವೆ. ಕುರಿ ಹಿಕ್ಕೆ, ಕೋಳಿ ಗೊಬ್ಬರದಲ್ಲಿ ಶೇ 3ರ ಹತ್ತಿರ. ಕುದುರೆ ಜಾತಿಯ ಹಸಿ ಲದ್ದಿಯಲ್ಲಿ ಸುಮಾರು ಶೇ 0.5ರಿಂದ 0.7. ಅಂದರೆ ಕತ್ತೆ ಲದ್ದಿ ಕೊಟ್ಟಿಗೆ ಗೊಬ್ಬರದ ಸಾಲಿನಲ್ಲೇ ಕೂರುತ್ತದೆ. ಕುರಿಯನ್ನು ಮುಟ್ಟುವುದಿಲ್ಲ.

ಕತ್ತೆಯ ವಿಷಯದಲ್ಲಿ ಇನ್ನೊಂದು ಮಾತಿದೆ. ಸುಮಾರು 7,000 ವರ್ಷಗಳ ಹಿಂದೆ ಪೂರ್ವ ಆಫ್ರಿಕಾದ ಒಣ ನಾಡಿನಲ್ಲಿ ಪಳಗಿದ ಪ್ರಾಣಿ ಇದು. ಸತ್ವವಿಲ್ಲದ ಒಣಹುಲ್ಲು ತಿಂದು ಬದುಕಬೇಕಿತ್ತು. ಅದಕ್ಕೇ ದೇಹದ ಯೂರಿಯಾವನ್ನು ಸುಮ್ನೆ ಮೂತ್ರದಲ್ಲಿ ಹೊರಹಾಕದೆ, ಕರುಳಿಗೆ ವಾಪಸ್ ಕಳಿಸಿ ಮತ್ತೆ ಬಳಸಿಕೊಳ್ಳುವುದನ್ನು ಅದು ಕಲಿತಿದೆ. ಕತ್ತೆಗೆ ಇದು ವರ. ಗೊಬ್ಬರ ಬೇಕೆನ್ನುವವನಿಗೆ ಅಷ್ಟೇನೂ ಅಲ್ಲ. ಹಿಂಡಿ, ಬೂಸಾ ತಿನ್ನುವ ಫಾರ್ಮಿನ ಕತ್ತೆಯ ಲದ್ದಿಗೂ, ಬಸ್ ಸ್ಟ್ಯಾಂಡಿನ ಹಿಂದೆ ರಟ್ಟು, ಪೇಪರ್ ತಿನ್ನುವ ಕತ್ತೆಯ ಲದ್ದಿಗೂ ವ್ಯತ್ಯಾಸ ಇದ್ದೇ ಇರುತ್ತದೆ. ‘ಕತ್ತೆ ಲದ್ದಿಯಲ್ಲಿ ಇಷ್ಟೇ ಸಾರಜನಕ’ ಎಂದು ಕರಾರುವಾಕ್ಕಾಗಿ ಹೇಳುವ ಪೋಸ್ಟರುಗಳನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು.

ಕತ್ತೆ ಲದ್ದಿಯನ್ನು ಹೊಗಳುವುದು ಹೊಸದೇನೂ ಅಲ್ಲ. ಕ್ರಿಸ್ತಶಕ ಒಂದನೇ ಶತಮಾನದಲ್ಲಿ ಬೇಸಾಯದ ಬಗ್ಗೆ ಬರೆದ ರೋಮನ್ ಲೇಖಕ ಕೊಲುಮೆಲ್ಲಾ ಗೊಬ್ಬರಗಳಿಗೆ ರ್‍ಯಾಂಕ್ ಕೊಟ್ಟಿದ್ದಾನೆ. ಮೊದಲು ಹಕ್ಕಿ ಹಿಕ್ಕೆ, ಆಮೇಲೆ ಮನುಷ್ಯನ ಮಲ, ಮೂರನೆಯದು ಸಾಕುಪ್ರಾಣಿಗಳದು. ಸಾಕುಪ್ರಾಣಿಗಳಲ್ಲಿ ಕತ್ತೆಯದೇ ಶ್ರೇಷ್ಠ ಎನ್ನುತ್ತಾನೆ. ಕತ್ತೆ ನಿಧಾನವಾಗಿ ಅಗಿದು ತಿನ್ನುವುದರಿಂದ ಚೆನ್ನಾಗಿ ಜೀರ್ಣವಾಗುತ್ತದೆ, ಆದ್ದರಿಂದ ಅದರ ಲದ್ದಿಯನ್ನು ಕೂಡಲೇ ಹೊಲಕ್ಕೆ ಹಾಕಬಹುದು ಎಂಬುದು ಅವನ ವಾದ. ಕತ್ತೆ ಚೆನ್ನಾಗಿ ಅಗಿಯುವುದು ನಿಜವೇ. ‘ಕೂಡಲೇ ಹಾಕಬಹುದು’ ಎಂಬ ಸಲಹೆಯನ್ನು ಮಾತ್ರ ನಂಬಿ ಕೆಡಬೇಡಿ. ಇವತ್ತಿನ ವಿಡಿಯೋಗಳಲ್ಲೂ ಇದೇ ಸಲಹೆ ಓಡಾಡುತ್ತಿದೆ.

ನೈಲ್ ದಂಡೆ, ಸಹೇಲಿನ ಬಯಲು

ಕತ್ತೆ ಮತ್ತು ಗೊಬ್ಬರದ ಹಳೆಯ ನಂಟು ಕಾಣುವುದು ಈಜಿಪ್ಟಿನಲ್ಲಿ. ಅಲ್ಲಿನ ರೈತರು ಕೊಟ್ಟಿಗೆಯ ನೆಲಕ್ಕೆ ಒಣ ಮಣ್ಣು ಹರಡುತ್ತಾರೆ. ಎಮ್ಮೆ, ಹಸು, ಕತ್ತೆ ಎಲ್ಲ ಅದರ ಮೇಲೇ ನಿಲ್ಲುತ್ತವೆ. ಮಣ್ಣು ಮೂತ್ರವನ್ನು ಹೀರಿಕೊಳ್ಳುತ್ತದೆ, ಸಗಣಿ, ಲದ್ದಿ ಜೊತೆಗೆ ಬೆರೆಯುತ್ತದೆ. ದಪ್ಪವಾದಾಗ ಕೆದರಿ ತೆಗೆದು ಹೊಲಕ್ಕೆ ಒಯ್ಯುತ್ತಾರೆ. ಇದಕ್ಕೆ ‘ಸಿಬಾಖ್ ಬಲದಿ’ ಎನ್ನುತ್ತಾರೆ. ಜಾಣತನ ಇರುವುದು ಮಣ್ಣು ಹರಡುವುದರಲ್ಲಿ. ಪ್ರಾಣಿ ಹೊರಹಾಕುವ ಸಾರಜನಕದಲ್ಲಿ ದೊಡ್ಡ ಪಾಲು ಮೂತ್ರದಲ್ಲಿರುತ್ತದೆ. ನಮ್ಮಲ್ಲಿ ಕಾಂಕ್ರೀಟ್ ಹಾಕಿಸಿದ ಕೊಟ್ಟಿಗೆಗಳಿಂದ ಅದು ಚರಂಡಿಗೆ ಹರಿದುಹೋಗುತ್ತದೆ.

ಅಲ್ಲಿ ಇನ್ನೊಂದು ಬಗೆಯ ಗೊಬ್ಬರವೂ ಇತ್ತು. ಹಾಳುಬಿದ್ದ ಪುರಾತನ ಊರುಗಳ ಹಸಿ ಇಟ್ಟಿಗೆ ಪುಡಿಯಾಗಿ ಆದ ಮಣ್ಣು. ಅದನ್ನೂ ಕತ್ತೆಗಳ ಮೇಲೆ ಹೇರಿ ಹೊಲಕ್ಕೆ ಸಾಗಿಸುತ್ತಿದ್ದರು. 1887ರಲ್ಲಿ ಅಮರ್ನಾದಲ್ಲಿ ಮೂರು ಸಾವಿರ ವರ್ಷಕ್ಕೂ ಹಳೆಯ ಮಣ್ಣಿನ ಹಲಗೆಯ ಪತ್ರಗಳು ಸಿಕ್ಕಿದ್ದು, ಹೀಗೆ ಗೊಬ್ಬರದ ಮಣ್ಣು ಅಗೆಯುವಾಗ ಎಂಬ ಕಥೆ ಚಾಲ್ತಿಯಲ್ಲಿದೆ. ಎಷ್ಟು ಇತಿಹಾಸ ಹೀಗೆ ಕತ್ತೆ ಬೆನ್ನೇರಿ ಹೊಲ ಸೇರಿತೋ!

ಈಜಿಪ್ಟಿನ ಮೊದಲ ಪದ್ಧತಿಯಲ್ಲಿ ಕತ್ತೆಯ ಲದ್ದಿ ಒಂದು ಸಣ್ಣ ಪಾಲು, ಎರಡನೆಯದರಲ್ಲಿ ಅದೂ ಇಲ್ಲ. ಕತ್ತೆ ಇಲ್ಲದಿದ್ದರೆ ಮಾತ್ರ ಉಳಿದ ಗೊಬ್ಬರವೂ ಹೊಲ ಮುಟ್ಟುತ್ತಿರಲಿಲ್ಲ.

ಇದು ಇನ್ನೂ ಚೆನ್ನಾಗಿ ಕಾಣುವುದು ಸಹಾರಾ ಮರುಭೂಮಿಯ ತೆಂಕಣ ಅಂಚಿನ ಸಹೇಲ್ ಪ್ರದೇಶದಲ್ಲಿ. ಬುರ್ಕಿನಾ ಫಾಸೊದ ಯತೆಂಗಾ ಸೀಮೆಯಲ್ಲಿ ನೆಲ ಬಿಸಿಲಿಗೆ ಹೆಪ್ಪುಗಟ್ಟಿ ಕಲ್ಲಿನಂತಾಗುತ್ತದೆ. ಮಳೆ ಬಿದ್ದರೂ ನೀರು ಇಂಗದೆ ಹರಿದುಹೋಗುತ್ತದೆ. ಅಲ್ಲಿನ ರೈತರ ಉಪಾಯ ‘ಜಾಯ್’ ಎಂಬ ಗುಂಡಿ. ಬೇಸಿಗೆಯಲ್ಲೇ ಒಂದು ಗೇಣು ಅಗಲ, ಅರ್ಧ ಗೇಣು ಆಳದ ಸಾವಿರಾರು ಗುಂಡಿ ತೋಡುತ್ತಾರೆ. ಪ್ರತಿ ಗುಂಡಿಗೆ ಒಂದೆರಡು ಬೊಗಸೆ ಗೊಬ್ಬರ. ಗೊಬ್ಬರದ ವಾಸನೆಗೆ ಗೆದ್ದಲು ಬಂದು ನೆಲದಲ್ಲಿ ಸಣ್ಣ ಸಣ್ಣ ಸುರಂಗ ಕೊರೆಯುತ್ತವೆ. ಮಳೆ ಬಂದಾಗ ನೀರು ಆ ದಾರಿಯಲ್ಲಿ ಇಳಿಯುತ್ತದೆ. ಅಲ್ಲೇ ಜೋಳವನ್ನೋ ಸಜ್ಜೆಯನ್ನೋ ಬಿತ್ತುತ್ತಾರೆ. ಗೆದ್ದಲು ಎಂದರೆ ಔಷಧಿ ಹೊಡೆಯಲು ಓಡುವ ನಮಗೆ ಇದು ಸ್ವಲ್ಪ ವಿಚಿತ್ರ ಅನ್ನಿಸಬಹುದು.

ಈ ಹಳೆಯ ಪದ್ಧತಿಯನ್ನು 1980ರ ಸುಮಾರಿಗೆ ತಿದ್ದಿ ಮತ್ತೆ ಬಳಕೆಗೆ ತಂದವರಲ್ಲಿ ಯಾಕೂಬಾ ಸವಡೊಗೊ ಹೆಸರುವಾಸಿ. 2018ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು, 2023ರಲ್ಲಿ ತೀರಿಕೊಂಡರು. ಆದರೆ ಜಾಯ್ ಗುಂಡಿಗಳ ಬಗ್ಗೆ ಬರೆಯುವವರು ಹೆಚ್ಚಾಗಿ ಬಿಟ್ಟುಬಿಡುವ ಸಂಗತಿ ಒಂದಿದೆ. ಹೆಕ್ಟೇರಿಗೆ ಟನ್‌ಗಟ್ಟಲೆ ಗೊಬ್ಬರವನ್ನು ತಲೆಯ ಮೇಲೆ ಹೊತ್ತು ಸಾಗಿಸಲು ಆಗುವುದಿಲ್ಲ. ಟ್ರ್ಯಾಕ್ಟರ್ ಆ ಬಡ ರೈತನ ಹತ್ತಿರ ಇಲ್ಲ. ಇರುವುದು ಎರಡು ಚಕ್ರದ ಕತ್ತೆಗಾಡಿ. ಗಾಡಿ ಇಲ್ಲದ ಮನೆಯವರು ಊರ ಪಕ್ಕದ ಹೊಲಕ್ಕೆ ಮಾತ್ರ ಗೊಬ್ಬರ ಹಾಕುತ್ತಾರೆ. ಅದಕ್ಕೇ ಆ ಊರುಗಳ ಸುತ್ತ ಒಂದು ಉಂಗುರದಂತೆ ಫಲವತ್ತಾದ ನೆಲ, ಅದರಾಚೆ ಬರಡು. ಗಾಡಿ ಬಂದ ಮೇಲೆ ಆ ಉಂಗುರ ದೊಡ್ಡದಾಗುತ್ತದೆ.

ಈಗ ಈ ಕತ್ತೆಗಳ ಮೇಲೆ ಚೀನಾದ ಕಣ್ಣು. ಕತ್ತೆ ಚರ್ಮ ಬೇಯಿಸಿ ತೆಗೆಯುವ ‘ಎಜಿಯಾವ್’ ಎಂಬ ಅಂಟು ಅಲ್ಲಿ ಸಾಂಪ್ರದಾಯಿಕ ಔಷಧಿ. ಜನರ ಕೈಯಲ್ಲಿ ದುಡ್ಡು ಓಡಾಡಿದಂತೆ ಅದಕ್ಕೆ ಬೇಡಿಕೆ ಏರಿತು. 1990ರ ದಶಕದ ಆರಂಭದಲ್ಲಿ ಒಂದು ಕೋಟಿ ದಾಟಿದ್ದ ಚೀನಾದ ಕತ್ತೆಗಳು ಈಗ ಕಾಲು ಭಾಗದಷ್ಟೂ ಉಳಿದಿಲ್ಲ. ಹಾಗಾಗಿ ವ್ಯಾಪಾರಿಗಳು ಆಫ್ರಿಕಾಕ್ಕೆ ಬಂದರು. ಕಳ್ಳತನ ಹೆಚ್ಚಿತು, ಬೆಲೆ ಏರಿತು. ಕೀನ್ಯಾ 2020ರಲ್ಲಿ ಕತ್ತೆ ಕಸಾಯಿಖಾನೆಗಳನ್ನು ನಿಲ್ಲಿಸಲು ಆದೇಶಿಸಿತು. 2024ರ ಫೆಬ್ರುವರಿಯಲ್ಲಿ ಆಫ್ರಿಕನ್ ಒಕ್ಕೂಟ ಇಡೀ ಖಂಡದಲ್ಲಿ ಚರ್ಮಕ್ಕಾಗಿ ಕತ್ತೆ ಕಡಿಯುವುದನ್ನು 15 ವರ್ಷ ನಿಷೇಧಿಸಲು ಒಪ್ಪಿತು. ಸುದ್ದಿಯಲ್ಲಿ ಇದು ಪ್ರಾಣಿದಯೆಯ ವಿಷಯವಾಗಿ ಬಂತು. ಮಣ್ಣಿನ ವಿಷಯವೂ ಹೌದು. ಕತ್ತೆ ಕಳೆದುಕೊಂಡ ಮನೆಯ ದೂರದ ಹೊಲಕ್ಕೆ ಆ ವರ್ಷದಿಂದ ಗೊಬ್ಬರ ಹೋಗುವುದಿಲ್ಲ.

ನಮ್ಮ ದೇಶದೊಳಗೆ

ಲಡಾಖ್ ಮತ್ತು ಹಿಮಾಚಲದ ಸ್ಪಿತಿಯಲ್ಲೂ ಹೀಗೇ. ಅಲ್ಲಿ ಸೌದೆ ಇಲ್ಲ. ಒಣಗಿದ ಸಗಣಿ, ಲದ್ದಿ ಒಲೆಗೆ ಹೋಗುತ್ತದೆ. ಹೊಲಕ್ಕೆ ಸಿಗುವುದು ಮುಖ್ಯವಾಗಿ ಒಣ ಪಾಯಿಖಾನೆಯಲ್ಲಿ ಮಣ್ಣು, ಬೂದಿ ಬೆರೆತು ವರ್ಷವಿಡೀ ಕಳಿತ ಗೊಬ್ಬರ ಮತ್ತು ಕೊಟ್ಟಿಗೆಯ ಕಸ. ಚಳಿಗಾಲ ಮುಗಿದು ಉಳುಮೆ ಶುರುವಾಗುವ ಹೊತ್ತಿಗೆ ಅದನ್ನು ಚೀಲಗಳಲ್ಲಿ ತುಂಬಿ ಕತ್ತೆಗಳ ಮೇಲೆ ಹೇರಿ ಮೆಟ್ಟಿಲು ಮೆಟ್ಟಿಲಾದ ಹೊಲಗಳಿಗೆ ಒಯ್ಯುತ್ತಾರೆ. ರಸ್ತೆ ಬಂದ ಊರುಗಳಲ್ಲಿ ಕತ್ತೆಗೆ ಕೆಲಸ ತಪ್ಪಿತು, ಬೀದಿಗೆ ಬಿಟ್ಟರು. ಲೇಹ್‌ನಲ್ಲಿ 2008ರಲ್ಲಿ ಅನಾಥ ಕತ್ತೆಗಳಿಗೊಂದು ಆಶ್ರಯಧಾಮವೇ ಶುರುವಾಯಿತು.

ರಾಜಸ್ಥಾನದ ಮೊಲೆಲಾದಲ್ಲಿ ಕಥೆ ಬೇರೆ. ನಾಥದ್ವಾರದ ಹತ್ತಿರದ ಈ ಊರಿನ ಕುಂಬಾರರು ದೇವರ ಮೂರ್ತಿಗಳ ಮಣ್ಣಿನ ಹಲಗೆ ಮಾಡುತ್ತಾರೆ. ಜೇಡಿಮಣ್ಣಿಗೆ ಕತ್ತೆ ಲದ್ದಿ ಕಲಸುತ್ತಾರೆ. ಲದ್ದಿಯ ನಾರು ಹಲಗೆ ಒಣಗುವಾಗ ಬಿರುಕು ಬಿಡದಂತೆ ಹಿಡಿದಿಡುತ್ತದೆ. ಅಲ್ಲಿ ಲದ್ದಿ ಗೊಬ್ಬರಕ್ಕಿಂತ ಒಳ್ಳೆಯ ಕೆಲಸಕ್ಕೇ ಹೋಗುತ್ತಿದೆ ಅನ್ನಬೇಕು.

ಆದರೆ ಕತ್ತೆಗಳೇ ಇಲ್ಲವಾಗುತ್ತಿವೆ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 3.2 ಲಕ್ಷ ಕತ್ತೆಗಳಿದ್ದವು. 2019ರಲ್ಲಿ ಸುಮಾರು 1.2 ಲಕ್ಷ. ಏಳು ವರ್ಷದಲ್ಲಿ ಶೇ 61 ಖಾಲಿ. ರಾಜಸ್ಥಾನ, ಉತ್ತರ ಪ್ರದೇಶ, ಗುಜರಾತ್‌ನಲ್ಲಿ ಇಳಿಕೆ ಶೇ 70ರ ಮೇಲೆ. ಕರ್ನಾಟಕದಲ್ಲಿ ಶೇ 46 ಇಳಿದು ಸುಮಾರು 9,000 ಉಳಿದಿದ್ದವು. ಬಟ್ಟೆ ಗಂಟು ಹೊರಲು ಕತ್ತೆ ಬೇಡ, ಮರಳು, ಇಟ್ಟಿಗೆಗೆ ಟಿಪ್ಪರ್ ಬಂತು. ಆಂಧ್ರದ ಕೆಲವು ಜಿಲ್ಲೆಗಳಲ್ಲಿ ಕಾನೂನಿಗೆ ವಿರುದ್ಧವಾಗಿ ಮಾಂಸಕ್ಕೆ ಕಡಿಯುವುದೂ ನಡೆದಿದೆ.

ಈ 9,000ವನ್ನು ಇಟ್ಟುಕೊಂಡು ಒಂದು ಒರಟು ಲೆಕ್ಕ ಹಾಕೋಣ. ನಮ್ಮ ಕತ್ತೆ ಸಣ್ಣ ಗಾತ್ರದ್ದು. ದಿನಕ್ಕೆ 5 ಕೆಜಿ ಹಸಿ ಲದ್ದಿ ಎಂದಿಟ್ಟುಕೊಳ್ಳಿ. ಇಡೀ ರಾಜ್ಯದಲ್ಲಿ ದಿನಕ್ಕೆ 45 ಟನ್, ವರ್ಷಕ್ಕೆ 16,000 ಟನ್ ಚಿಲ್ಲರೆ. ಕಳಿತ ಮೇಲೆ ಅರ್ಧ ಉಳಿಯುತ್ತದೆ, ಅಂದರೆ 8,000 ಟನ್. ಎಕರೆಗೆ 4 ಟನ್ ಹಾಕಿದರೆ 2,000 ಎಕರೆಗೆ ಸಾಕು. ರಾಜ್ಯದಲ್ಲಿ ಬೇಸಾಯವಾಗುವ ಭೂಮಿ ಎರಡು ಕೋಟಿ ಎಕರೆಗೂ ಜಾಸ್ತಿ. ಅದೂ ಪ್ರತಿ ಕತ್ತೆಯ ಪ್ರತಿ ಉಂಡೆಯನ್ನೂ ಯಾರೋ ಹಿಂದೆ ಹಿಂದೆ ಹೋಗಿ ಬುಟ್ಟಿಗೆ ತುಂಬಿದರೆ! ಬೀದಿ ಮೇಯುವ ಕತ್ತೆಯ ಲದ್ದಿ ರಸ್ತೆಯಲ್ಲಿ, ಚರಂಡಿಯಲ್ಲಿ, ಖಾಲಿ ಸೈಟಿನಲ್ಲಿ ಬೀಳುತ್ತದೆ. ಗೊಬ್ಬರದ ಕೊರತೆಗೆ ಇದು ಉತ್ತರ ಎನ್ನುವವರು ಈ ಲೆಕ್ಕವನ್ನು ಒಮ್ಮೆ ಮಾಡಲಿ.

ಕುರಿ ಹಿಂಡಿನ ಜೊತೆ ನಡೆಯುವ ಕತ್ತೆ

ಕರ್ನಾಟಕದಲ್ಲಿ ಕತ್ತೆ ಮಣ್ಣಿಗೆ ನಿಜವಾಗಿ ಉಪಕಾರ ಮಾಡುವ ಜಾಗ ಒಂದಿದೆ. ಅದರ ವಿಡಿಯೋ ಯಾರೂ ಅಷ್ಟಾಗಿ ಮಾಡುವುದಿಲ್ಲ.

ಸುಗ್ಗಿ ಮುಗಿದ ಮೇಲೆ ಬೆಳಗಾವಿ, ಬಾಗಲಕೋಟೆ, ಕೊಪ್ಪಳ, ಬಳ್ಳಾರಿ, ಚಿತ್ರದುರ್ಗದ ಕಡೆ ಕುರಿ ಹಿಂಡುಗಳು ಊರಿಂದ ಊರಿಗೆ ಸಾಗುವುದನ್ನು ನೀವು ನೋಡಿರಬಹುದು. ರೈತರು ತಮ್ಮ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿಕೊಳ್ಳಲು ಕುರಿಗಾಹಿಗಳನ್ನು ಕರೆಯುತ್ತಾರೆ. ಕೆಲವು ಕಡೆ ಇದನ್ನು ಕುರಿ ತರುಬುವುದು ಎನ್ನುತ್ತಾರೆ, ಕೆಲವು ಕಡೆ ಮಂದೆ ಹಾಕಿಸುವುದು ಎನ್ನುತ್ತಾರೆ. ಸಂಜೆ ಮೇದು ಬಂದ ಹಿಂಡನ್ನು ಹೊಲದ ಒಂದು ಪಟ್ಟಿಯಲ್ಲಿ ಬಲೆ ಕಟ್ಟಿ ಕೂಡುತ್ತಾರೆ. ಮರುದಿನ ಪಕ್ಕದ ಪಟ್ಟಿ. ಹಿಕ್ಕೆ, ಮೂತ್ರ ಎರಡೂ ಬಿದ್ದಲ್ಲೇ ನೆಲ ಸೇರುತ್ತವೆ. ಹೊರುವುದೂ ಇಲ್ಲ, ಹರಡುವುದೂ ಇಲ್ಲ. ಪ್ರತಿಯಾಗಿ ಕುರಿಗಾಹಿಗೆ ಜೋಳ, ದುಡ್ಡು, ಊಟ. ದರ ಎಷ್ಟೆಂಬುದು ಹಿಂಡಿನ ಗಾತ್ರ, ಊರು, ಮಾತುಕತೆಯ ಜೋರಿನ ಮೇಲೆ ಹೋಗುತ್ತದೆ.

ಈ ಹಿಂಡಿನ ಜೊತೆ ಕುದುರೆ ಇರುತ್ತದೆ, ಇಲ್ಲವೇ ಕತ್ತೆ. ಅವುಗಳ ಮೇಲೆ ಗುಡಾರದ ಗಂಟು, ಬಲೆ, ಗೂಟ, ಪಾತ್ರೆ, ಹಿಟ್ಟಿನ ಚೀಲ. ಹೇರಿನ ಎರಡೂ ಬದಿಯ ಜೋಳಿಗೆಯಲ್ಲಿ ಆಗತಾನೆ ಹುಟ್ಟಿದ ಕುರಿಮರಿಗಳು ತಲೆ ಹೊರಗಿಟ್ಟುಕೊಂಡಿರುತ್ತವೆ. ದಾರಿಯಲ್ಲಿ ಕುರಿ ಈದರೆ ಮರಿ ಅಷ್ಟು ದೂರ ನಡೆಯಲಾರದು. ಮರಿ ಹೊರಲು ಏನೂ ಇಲ್ಲದಿದ್ದರೆ ಹಿಂಡು ಅಲ್ಲೇ ನಿಲ್ಲಬೇಕು. ನಿಂತರೆ ಮೇವಿಲ್ಲ.

2019ರ ಗಣತಿಯಲ್ಲಿ ಕರ್ನಾಟಕದಲ್ಲಿ ಸುಮಾರು 1.1 ಕೋಟಿ ಕುರಿಗಳಿದ್ದವು. ತೆಲಂಗಾಣ, ಆಂಧ್ರ ಬಿಟ್ಟರೆ ದೇಶದಲ್ಲೇ ಜಾಸ್ತಿ. ಅಂದರೆ ಒಂದು ಕತ್ತೆಗೆ ಸಾವಿರಕ್ಕೂ ಹೆಚ್ಚು ಕುರಿ. ಸಾರಜನಕದಲ್ಲಿ ಕುರಿ ಹಿಕ್ಕೆ ಕತ್ತೆ ಲದ್ದಿಗಿಂತ ಎಷ್ಟು ಮುಂದಿದೆ ಎಂಬುದನ್ನು ಮೇಲೆ ನೋಡಿದೆವು. ಹಿಂಡಿನಲ್ಲಿರುವ ನಾಲ್ಕು ಕತ್ತೆಗಳ ಲದ್ದಿ ಆ ರಾತ್ರಿ ಹೊಲಕ್ಕೆ ಬಿದ್ದರೂ ಅದು ಲೆಕ್ಕಕ್ಕಿಲ್ಲ. ಅವುಗಳ ಬೆನ್ನು ಮಾತ್ರ ಲೆಕ್ಕಕ್ಕಿದೆ. ಯತೆಂಗಾದ ಕತ್ತೆಗಾಡಿಗೂ ನಮ್ಮ ಕುರಿ ಹಿಂಡಿನ ಕತ್ತೆಗೂ ಕೆಲಸ ಒಂದೇ. ಅಲ್ಲಿ ಗೊಬ್ಬರವನ್ನು ಹೊಲಕ್ಕೆ ಒಯ್ಯುತ್ತದೆ, ಇಲ್ಲಿ ಗೊಬ್ಬರ ಹಾಕುವ ಹಿಂಡು ಹೊಲ ತಲುಪುವಂತೆ ನೋಡಿಕೊಳ್ಳುತ್ತದೆ.

ಈಗ ಅನೇಕ ಹಿಂಡುಗಳ ಸಾಮಾನು ಗೂಡ್ಸ್ ಗಾಡಿಯಲ್ಲಿ ಹೋಗುತ್ತದೆ. ತಪ್ಪೇನಿಲ್ಲ, ಕುರಿಗಾಹಿಗೂ ಸುಖ ಬೇಡವೇ? ಆದರೆ ಗಾಡಿ ರಸ್ತೆ ಇರುವಲ್ಲಿ ಹೋಗುತ್ತದೆ. ಬದುವಿನ ದಾರಿಯಲ್ಲಿ, ಹಳ್ಳ ದಾಟಿ ಒಳಗಿನ ಹೊಲಕ್ಕೆ ಹೋಗಲು ಕಾಲಿರುವ ಪ್ರಾಣಿಯೇ ಬೇಕು. ಹೇರು ಪ್ರಾಣಿ ಕಡಿಮೆಯಾದಷ್ಟೂ ಹಿಂಡು ರಸ್ತೆಬದಿಯ ಹೊಲಗಳಿಗೇ ಅಂಟಿಕೊಳ್ಳುವ ಸಾಧ್ಯತೆ ಜಾಸ್ತಿ. ಸಹೇಲಿನ ಫಲವತ್ತಾದ ಉಂಗುರದ ಮಾತು ಇಲ್ಲಿಗೂ ಅನ್ವಯಿಸುತ್ತದೆ ಎಂಬುದು ನನ್ನ ಅನಿಸಿಕೆ.

ಫಾರ್ಮಿನ ಆಸೆ

ಲದ್ದಿ ಒಂದೇ ಕಡೆ ಬೀಳುವುದು ಫಾರ್ಮಿನಲ್ಲಿ. ಹಾಗಾಗಿ ಗೊಬ್ಬರದ ದೃಷ್ಟಿಯಿಂದ ಹೊಸದಾಗಿ ನೋಡಬೇಕಾದದ್ದು ಅಲ್ಲಿಯೇ. 20 ಕತ್ತೆಯ ಫಾರ್ಮ್ ಎಂದುಕೊಳ್ಳಿ. ದಿನಕ್ಕೆ ಒಂದು ಕ್ವಿಂಟಲ್ ಲದ್ದಿ, ವರ್ಷಕ್ಕೆ 36 ಟನ್. ಕಳಿತ ಮೇಲೆ 18 ಟನ್. ನಾಲ್ಕೂವರೆ ಎಕರೆಗೆ ಆಗುತ್ತದೆ. ಸ್ವಂತ ತೋಟ ಇದ್ದವರಿಗೆ ಒಳ್ಳೆಯದೇ.

ಅದರಲ್ಲಿರುವ ಸಾರಜನಕ ಶೇ 0.6 ಎಂದು ಹಿಡಿದರೆ 108 ಕೆಜಿ. ಒಂದು 45 ಕೆಜಿ ಯೂರಿಯಾ ಚೀಲದಲ್ಲಿ ಸುಮಾರು 20 ಕೆಜಿ ಸಾರಜನಕ ಇರುತ್ತದೆ. ಅಂದರೆ ಐದು ಚೀಲಕ್ಕೆ ಸಮ. ಚೀಲಕ್ಕೆ 266 ರೂಪಾಯಿಯಂತೆ ಬೆಲೆ ಕಟ್ಟಿದರೆ 20 ಕತ್ತೆಗಳ ವರ್ಷದ ಲದ್ದಿಯ ಸಾರಜನಕಕ್ಕೆ ಬರುವುದು 1,330 ರೂಪಾಯಿ! ಸಬ್ಸಿಡಿಯ ಯೂರಿಯಾ ಎದುರು ಯಾವ ಗೊಬ್ಬರ ನಿಂತರೂ ಇದೇ ಗತಿ. ಲದ್ದಿಯಲ್ಲಿರುವ ನಾರು, ಸಾವಯವ ಇಂಗಾಲ, ಪೊಟ್ಯಾಷ್ ಯೂರಿಯಾ ಚೀಲದಲ್ಲಿ ಇಲ್ಲ, ಆ ಬೆಲೆಯನ್ನು ಈ ಲೆಕ್ಕ ಹಿಡಿಯುವುದೂ ಇಲ್ಲ. ಅದನ್ನೆಲ್ಲ ಸೇರಿಸಿದರೂ ಅದು ಕೊಟ್ಟಿಗೆ ಗೊಬ್ಬರದ ಟ್ರ್ಯಾಕ್ಟರ್ ಲೋಡಿನ ಬೆಲೆಗೇ ಬಂದು ನಿಲ್ಲುತ್ತದೆ. ‘ಕತ್ತೆ ಲದ್ದಿ’ ಎಂಬ ಲೇಬಲ್ ಅಂಟಿಸಿ ಕೆಜಿ ಪ್ಯಾಕೆಟ್ ಮಾಡಿದರೆ ಪೇಟೆಯ ಟೆರೇಸ್ ತೋಟದವರು ಸ್ವಲ್ಪ ಜಾಸ್ತಿ ಕೊಟ್ಟಾರು. ಅದು ಪ್ಯಾಕಿಂಗಿನ ಬೆಲೆ.

ಎಚ್ಚರಿಕೆ ಯಾಕೆ ಬೇಕು ಎಂಬುದಕ್ಕೆ ಹೊಸಪೇಟೆಯ ಪ್ರಕರಣವೇ ಇದೆ. ಕತ್ತೆ ಕೊಂಡರೆ ಹಾಲನ್ನು ಲೀಟರಿಗೆ ಎರಡು ಸಾವಿರ ರೂಪಾಯಿಗೂ ಮೇಲೆ ಕೊಟ್ಟು ತಾವೇ ಖರೀದಿಸುತ್ತೇವೆ ಎಂದು ನಂಬಿಸಿ ಲಕ್ಷಾಂತರ ರೂಪಾಯಿಗೆ ಕತ್ತೆ ಮಾರಿದರು, ಆಮೇಲೆ ಕೈಕೊಟ್ಟರು ಎಂದು 2024ರಲ್ಲಿ ಅಲ್ಲಿನ ಒಂದು ಕಂಪನಿಯ ಮೇಲೆ ರೈತರು ದೂರು ಕೊಟ್ಟರು. ಕೊನೆಗೆ ಕೈಯಲ್ಲಿ ಉಳಿದದ್ದು ಕತ್ತೆ ಮತ್ತು ಲದ್ದಿ. ಲದ್ದಿ ಮಾರಿ ಸಾಲ ತೀರುವುದಿಲ್ಲ. ಹಾಲಿನ ಆದಾಯ ಕೈಕೊಟ್ಟರೂ ಗೊಬ್ಬರದಲ್ಲಿ ಹೊಂದಿಸಿಕೊಳ್ಳಬಹುದು ಎಂದು ಯಾರಾದರೂ ಪ್ರಾಜೆಕ್ಟ್ ರಿಪೋರ್ಟ್ ತೋರಿಸಿದರೆ ಮೇಲಿನ ಲೆಕ್ಕವನ್ನು ಅವರ ಮುಂದಿಡಿ.

ಲದ್ದಿ ಕೈಗೆ ಬಂದರೆ

ಹೀಗೆಂದು ಸಿಕ್ಕಿದ ಲದ್ದಿಯನ್ನು ಬಿಡುವುದೇನೂ ಬೇಡ. ಮನೆ ಹತ್ತಿರ ಕತ್ತೆ ಕಟ್ಟುವವರಿದ್ದರೆ ಕೇಳಿ, ಖುಷಿಯಿಂದ ಕೊಡುತ್ತಾರೆ. ಕೆಳಗೆ ಒಣಹುಲ್ಲು ಅಥವಾ ತರಗು ಹಾಸಿದ್ದರೆ ಅದನ್ನೂ ಎತ್ತಿಕೊಳ್ಳಿ, ಮೂತ್ರ ಅದರಲ್ಲಿದೆ.

ರಾಶಿ ಕನಿಷ್ಠ ಸೊಂಟದೆತ್ತರ ಇರಲಿ. ಚಿಕ್ಕ ರಾಶಿ ಕಾವು ಹಿಡಿಯುವುದಿಲ್ಲ. ನಮ್ಮ ಬಯಲುಸೀಮೆಯ ಬಿಸಿಲಿಗೆ ಲದ್ದಿ ಬೇಗ ಒಣಗಿ, ಕಳಿಯದೆ ಹಾಗೇ ಕೂರುತ್ತದೆ. ನೀರು ಚಿಮುಕಿಸಿ. ಒಂದು ಹಿಡಿ ತೆಗೆದು ಹಿಂಡಿದರೆ ಒಂದೆರಡು ಹನಿ ಬಂದರೆ ಹದ, ಧಾರೆ ಬಂದರೆ ಜಾಸ್ತಿ. ನಾಲ್ಕೈದು ದಿನದಲ್ಲಿ ಒಳಗೆ ಕೈಯಿಡಲಾರದಷ್ಟು ಬಿಸಿಯಾಗುತ್ತದೆ. 55 ಡಿಗ್ರಿ ದಾಟಿದ ಆ ಕಾವೇ ಕಳೆ ಬೀಜವನ್ನು, ಹುಳದ ಮೊಟ್ಟೆಯನ್ನು ಕೊಲ್ಲುವುದು. ಹೊರಗಿನ ಪದರಕ್ಕೆ ಆ ಬಿಸಿ ತಾಗಿರುವುದಿಲ್ಲ. ಅದಕ್ಕೇ ವಾರ ಹತ್ತು ದಿನಕ್ಕೊಮ್ಮೆ ಹೊರಗಿನದು ಒಳಗೆ ಬರುವಂತೆ ಮಗುಚಬೇಕು. ಎರಡು ಮೂರು ತಿಂಗಳಲ್ಲಿ ಕಪ್ಪಗೆ, ಮಣ್ಣಿನ ವಾಸನೆಗೆ ಬರುತ್ತದೆ. ಎಳೆ ಕಾಣುತ್ತಿದ್ದರೆ ಇನ್ನೂ ಬಿಡಿ.

ತಂದ ಲದ್ದಿ ಎಲ್ಲಿಯದು, ಕತ್ತೆ ಏನು ತಿಂದಿದೆ ಎಂದು ಗೊತ್ತಿಲ್ಲದಿದ್ದರೆ ಒಂದು ಕುಂಡದಲ್ಲಿ ಆ ಗೊಬ್ಬರ ಹಾಕಿ ನಾಲ್ಕು ಬೀನ್ಸ್ ಬೀಜ ಊರಿ ನೋಡಿ. ಎಲೆ ಮುರುಟಿಕೊಂಡು ಬಂದರೆ ತೋಟಕ್ಕೆ ಹಾಕಬೇಡಿ. 2008ರಲ್ಲಿ ಬ್ರಿಟನ್ನಿನ ಅನೇಕ ಮನೆ ತೋಟದವರಿಗೆ ಇದೇ ಆಯಿತು. ಹುಲ್ಲುಗಾವಲಿಗೆ ಹೊಡೆದ ಅಮಿನೊಪೈರಾಲಿಡ್ ಎಂಬ ಕಳೆನಾಶಕ ಹುಲ್ಲು, ಪ್ರಾಣಿಯ ಹೊಟ್ಟೆ, ಗೊಬ್ಬರ ಎಲ್ಲ ದಾಟಿ ಬಂದು ಟೊಮೆಟೊ, ಬೀನ್ಸ್, ಆಲೂಗಡ್ಡೆ ಗಿಡ ಹಾಳುಮಾಡಿತ್ತು. ಜಂತುಹುಳುವಿಗೆ ಐವರ್ಮೆಕ್ಟಿನ್ ಕೊಟ್ಟ ಕೆಲವು ವಾರ ಕತ್ತೆಯ ಲದ್ದಿಯನ್ನು ಬೇರೆ ಇಡುವುದೂ ಒಳ್ಳೆಯದು. ಆ ಔಷಧಿ ಲದ್ದಿಯಲ್ಲಿ ಉಳಿದು ಸಗಣಿ ದುಂಬಿಗಳನ್ನು ಕೊಲ್ಲುತ್ತದೆ.

ಕತ್ತೆ, ಕುದುರೆ ಲದ್ದಿಯಲ್ಲಿ ಧನುರ್ವಾಯು ತರುವ ರೋಗಾಣು ಇರುವುದು ಮಾಮೂಲು. ಕೈಕಾಲಿಗೆ ಗಾಯ ಇದ್ದಾಗ ಬರಿಗೈಯಲ್ಲಿ ಮುಟ್ಟಬೇಡಿ, ಟಿಟಿ ಇಂಜೆಕ್ಷನ್ ಹಳೆಯದಾಗಿದ್ದರೆ ಹಾಕಿಸಿಕೊಳ್ಳಿ. ಇನ್ನು ಗ್ಲಾಂಡರ್ಸ್. ಕತ್ತೆ ಕುದುರೆಗಳಿಗೆ ಬರುವ, ಮನುಷ್ಯರಿಗೂ ಹರಡುವ ಕಾಯಿಲೆ. ಭಾರತದಲ್ಲಿ 2006ರಿಂದೀಚೆಗೆ ಮತ್ತೆ ಮತ್ತೆ ಕಾಣಿಸಿಕೊಂಡಿದೆ. ಮೂಗಿನಿಂದ ಅಂಟು ಸೋರುವ, ಮೈಮೇಲೆ ಗಂಟು, ಹುಣ್ಣು ಎದ್ದ ಕತ್ತೆ ಇರುವ ಕಡೆಯಿಂದ ಲದ್ದಿ ತರಲೇಬಾರದು. ಪಶುವೈದ್ಯರಿಗೆ ತಿಳಿಸಿ.

ಸರ್ಕಾರದ ಕಡೆಯಿಂದ ನೋಡಿದರೆ, ಸಹಾಯಧನವೆಲ್ಲ ಫಾರ್ಮ್ ಕಟ್ಟುವವರ ಕಡೆ ಹರಿಯುವಂತಿದೆ. ಶೆಡ್ಡು, ಬೇಲಿ, ತಳಿ, ಬ್ಯಾಂಕ್ ಸಾಲದ ಕಾಗದಪತ್ರ. ಹಿಂಡಿನ ಜೊತೆ ಊರೂರು ಸುತ್ತುವ ಕುರಿಗಾಹಿ ಆ ಅರ್ಜಿ ತುಂಬುವುದು ಕಷ್ಟ. ಹೊಲಕ್ಕೆ ಲಾಭ ಇರುವುದು ಮಾತ್ರ ಅವನ ಕತ್ತೆಯಿಂದ. ಹೇರು ಪ್ರಾಣಿಗೆ ವಿಮೆ, ದಾರಿಯುದ್ದಕ್ಕೂ ಲಸಿಕೆ, ಔಷಧಿ ಕೊಡುವ ಸಂಚಾರಿ ಪಶುವೈದ್ಯ ಸೇವೆ, ಹಳೆಯ ಕುರಿದಾರಿಗಳನ್ನು ಒತ್ತುವರಿಯಿಂದ ಉಳಿಸುವುದು, ಇಷ್ಟು ಮಾಡಿದರೆ 50 ಲಕ್ಷದ ಒಂದು ಫಾರ್ಮಿಗಿಂತ ಹೆಚ್ಚು ಮಣ್ಣಿಗೆ ಗೊಬ್ಬರ ಸೇರುತ್ತದೆ ಎಂದು ನನಗನ್ನಿಸುತ್ತದೆ.

2024ರ ಅಕ್ಟೋಬರ್‌ನಲ್ಲಿ ಶುರುವಾದ 21ನೇ ಜಾನುವಾರು ಗಣತಿಯಲ್ಲಿ ಅಲೆಮಾರಿ ಪಶುಪಾಲಕರ ಪ್ರಾಣಿಗಳ ಬಗ್ಗೆ ಮೊದಲ ಬಾರಿಗೆ ಮಾಹಿತಿ ತೆಗೆಯಲು ಯೋಜಿಸಲಾಗಿತ್ತು. ಆ ಅಂಕಿಗಳು ಜಿಲ್ಲೆವಾರು ಸಿಕ್ಕರೆ ಮೊದಲು ನೋಡಬೇಕಾದದ್ದು ಕತ್ತೆಗಳ ಒಟ್ಟು ಸಂಖ್ಯೆಯನ್ನಲ್ಲ. ಅವುಗಳಲ್ಲಿ ಎಷ್ಟು ಇನ್ನೂ ಕುರಿ ಹಿಂಡಿನ ಜೊತೆ ನಡೆಯುತ್ತಿವೆ ಎಂಬುದನ್ನು.